ಮೊಟ್ಟೆ ನಿಲ್ಲಿಸಿದ ಕೋಳಿ: ಮಸಾಲೆ ಅರೆಯುವ ಮುನ್ನ

ಹಸು ಮೇವು ಬಿಟ್ಟಿತೆಂದರೆ ನಮ್ಮಲ್ಲಿ ಮನೆಮಂದಿಯೆಲ್ಲ ಕೊಟ್ಟಿಗೆಗೆ ಓಡುತ್ತೇವೆ. ಅಡಿಕೆಗೆ ಕೊಳೆ ತಗುಲಿತೆಂದರೆ ಮಳೆಯನ್ನೂ ಲೆಕ್ಕಿಸದೆ ಔಷಧಿ ಹೊಡೆಯುವವರ ಮನೆ ಬಾಗಿಲು ತಟ್ಟುತ್ತೇವೆ. ಹಿತ್ತಿಲಿನ ಹೇಂಟೆ ಎರಡು ದಿನ ಮೂಲೆಯಲ್ಲಿ ಮುದುಡಿ ಕುಳಿತರೆ ಮಾತ್ರ ಯಾರೂ ಎದ್ದು ಹೋಗಿ ನೋಡುವುದಿಲ್ಲ. "ಇದು ಇನ್ನು ಮೊಟ್ಟೆ ಇಡೋದಿಲ್ಲ, ಭಾನುವಾರಕ್ಕೆ ಆಯ್ತು" ಎಂದು ಕುಳಿತಲ್ಲಿಂದಲೇ ತೀರ್ಪು ಕೊಡುತ್ತೇವೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಇದೆ, ನಿಜ. ಆದರೆ ಕೋಳಿಗೆ ಏನಾಗಿದೆಯೆಂದು ನೋಡದೆ ಮಸಾಲೆ ಅರೆಯುವುದು ಲೆಕ್ಕ ಬಲ್ಲ ಬೆಳೆಗಾರನಿಗೆ ಒಪ್ಪುವ ಕೆಲಸವಲ್ಲವೆಂದು ನಮ್ಮ ಅಭಿಪ್ರಾಯ.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಕೋಳಿಯ ಮಾತೇಕೆ ಎಂದು ಕೆಲವು ಸದಸ್ಯರು ಹುಬ್ಬೇರಿಸಬಹುದು. ಕೋಳಿ ಸಾಕದ ಮನೆಗಳೂ ನಮ್ಮ ಸಂಘದಲ್ಲಿ ಬೇಕಾದಷ್ಟಿವೆ. ಆದರೆ ಅಂಥವರ ತೋಟದ ಕೆಲಸಕ್ಕೆ ಬರುವವರ ಮನೆಗಳಲ್ಲಿ ಕೋಳಿಗಳಿವೆ. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರನಿಗೆ ಕಾಫಿಯ ಹಣ ಬರುವುದು ವರ್ಷಕ್ಕೊಮ್ಮೆ, ಅಡಿಕೆಯದೂ ಹೆಚ್ಚುಕಡಿಮೆ ಹಾಗೆಯೇ. ಮಧ್ಯದ ತಿಂಗಳುಗಳಲ್ಲಿ ಮಕ್ಕಳ ನೋಟ್ ಬುಕ್ಕಿಗೆ, ಬಸ್ಸಿನ ಚಾರ್ಜಿಗೆ ಕೈಗೆ ಸಿಗುವ ಚಿಲ್ಲರೆಯಲ್ಲಿ ಮೊಟ್ಟೆಯ ಕಾಸೂ ಸೇರಿರುತ್ತದೆ, ಮತ್ತು ಆ ಕಾಸು ಹೆಂಗಸರ ಕೈಯಲ್ಲಿರುತ್ತದೆ. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ 130ರಿಂದ 150 ಇಡುತ್ತದೆ. ಇಂಥ ಒಂದು ಹೇಂಟೆ ಮೊಟ್ಟೆ ಇಡುವ ವಯಸ್ಸಿನಲ್ಲೇ ಹೋದರೆ ಆ ಮನೆಗೆ ಅದು ಸಣ್ಣ ನಷ್ಟವಲ್ಲ. ಅದಕ್ಕೆ ಹೆಸರಿಟ್ಟು, ಬುಟ್ಟಿಯಲ್ಲಿ ಮಲಗಿಸಿ ಸಾಕಿದ ಮಗುವಿನ ಲೆಕ್ಕವೇ ಬೇರೆ. ಅದನ್ನು ನಾವು ಇಲ್ಲಿ ರೂಪಾಯಿಗೆ ಇಳಿಸಲು ಹೋಗುವುದಿಲ್ಲ.

ಮೊಟ್ಟೆ ನಿಂತಿತೆಂದ ಮಾತ್ರಕ್ಕೆ ಕಾಯಿಲೆಯೆಂದು ತಿಳಿಯಬೇಕಾಗಿಲ್ಲ. ಕಾವಿಗೆ ಕುಳಿತ ಕೋಳಿ ಮೊಟ್ಟೆ ಇಡುವುದಿಲ್ಲ. ಹಳೆಯ ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಎರಡು ಮೂರು ತಿಂಗಳು ಇಡುವುದಿಲ್ಲ. ಚೆನ್ನಾಗಿ ಇಡಬೇಕಾದರೆ ದಿನಕ್ಕೆ 14 ಗಂಟೆಗಳಷ್ಟಾದರೂ ಬೆಳಕು ಬೇಕು, ಆದ್ದರಿಂದ ಹಗಲು ಕಿರಿದಾಗುತ್ತ ಬಂದಂತೆ ಮೊಟ್ಟೆಯೂ ಕಡಿಮೆಯಾಗುತ್ತದೆ. ಇಂಥ ಕೋಳಿ ಮೇಯುತ್ತದೆ, ಓಡಾಡುತ್ತದೆ, ಹಿಡಿಯಹೋದರೆ ಕೂಗಿ ಊರನ್ನೇ ಎಬ್ಬಿಸುತ್ತದೆ. ಅದಕ್ಕೆ ಮದ್ದು ಬೇಕಿಲ್ಲ. ಕಾಯುವ ವ್ಯವಧಾನ ನಮಗೆ ಬೇಕು.

ಗಮನಿಸಬೇಕಾದದ್ದು ಇನ್ನೊಂದು ಬಗೆಯ ಕೋಳಿಯನ್ನು. ಅದು ಮತ್ತೆ ಮತ್ತೆ ಗೂಡಿಗೆ ಹೋಗಿ ಕುಳಿತು ಬರಿದೇ ಎದ್ದು ಬರುತ್ತದೆ. ಬಾಲ ಇಳಿಬಿಟ್ಟು, ಕಾಲು ಅಗಲಿಸಿ, ಎದೆ ಎತ್ತಿ ನೆಟ್ಟಗೆ ನಿಲ್ಲುತ್ತದೆ. ಮುಕ್ಕುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಕಾಳು ಚೆಲ್ಲಿದರೂ ಹತ್ತಿರ ಬರುವುದಿಲ್ಲ. ಮೊಟ್ಟೆ ಒಳಗೆ ಸಿಕ್ಕಿಕೊಂಡಿರುವುದರ ಗುರುತುಗಳಿವು. ಹಾಗೆಯೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಕೋಳಿ ಸಾಯಬಹುದು. ಸಮಯಕ್ಕೆ ನೋಡಿದರೆ ಬಹಳಷ್ಟು ಸಲ ಉಳಿಯುತ್ತದೆ, ಮತ್ತು ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ನಮ್ಮೆಲ್ಲರ ಬಚ್ಚಲುಮನೆಯ ಹಂಡೆಯಲ್ಲೇ ಇದೆ.

ಕೈಗೆ ಹಿತವಾಗುವಷ್ಟು ಬಿಸಿಯ ನೀರನ್ನು ಬೋಗುಣಿಯಲ್ಲಿ ಹಾಕಿ, ಕೋಳಿಯ ಹೊಟ್ಟೆ ಮತ್ತು ಹಿಂಭಾಗ ಮುಳುಗುವಂತೆ 15-20 ನಿಮಿಷ ಕೂರಿಸಬೇಕು. ಮೊದಲು ಕೊಸರಾಡಿದರೂ ಬಿಸಿ ತಾಗಿದ ಮೇಲೆ ಸುಮ್ಮನಾಗುತ್ತದೆ. ಆಮೇಲೆ ಹಳೆಯ ಪಂಚೆಯಲ್ಲಿ ಮೈ ಒರೆಸಿ, ಮೊಟ್ಟೆ ಬರುವ ದ್ವಾರಕ್ಕೆ ಶುದ್ಧವಾದ ಕೊಬ್ಬರಿ ಎಣ್ಣೆ ಹಚ್ಚಿ, ಒಣಹುಲ್ಲು ಹಾಸಿದ ಬುಟ್ಟಿಯಲ್ಲಿ, ಒಲೆಯ ಕಾವು ಅಷ್ಟಿಷ್ಟು ತಾಗುವ ಕತ್ತಲೆ ಮೂಲೆಯಲ್ಲಿಡಬೇಕು. ಕುಡಿಯಲು ನೀರು ಹತ್ತಿರವೇ ಇರಲಿ. ಗಂಟೆಗೊಮ್ಮೆ ಎತ್ತಿ ನೋಡುವ ಮಕ್ಕಳನ್ನು ದೂರವಿಡುವುದೂ ಚಿಕಿತ್ಸೆಯ ಒಂದು ಭಾಗವೇ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬರದಿದ್ದರೆ ಇದನ್ನೇ ಇನ್ನೊಮ್ಮೆ ಮಾಡಬಹುದು.

ಮಾಡಬಾರದ ಕೆಲಸವೊಂದಿದೆ, ಅದನ್ನು ಒತ್ತಿ ಹೇಳಬೇಕು. ಹೊಟ್ಟೆಯನ್ನು ಅದುಮಿ ಮೊಟ್ಟೆಯನ್ನು ಹೊರಗೆ ತಳ್ಳಲು ಹೋಗಬಾರದು. ಕಡ್ಡಿ, ಚಮಚ ಹಾಕಿ ಒಡೆಯಲಂತೂ ಕೂಡದು. ಒಳಗೆ ಒಡೆದ ಮೊಟ್ಟೆಯ ಚಿಪ್ಪು ಕರುಳಿನ ಅಕ್ಕಪಕ್ಕವನ್ನು ಗೀರಿ ಹುಣ್ಣು ಮಾಡುತ್ತದೆ, ಉಳಿದ ಲೋಳೆ ಕೊಳೆತು ನಂಜಾಗುತ್ತದೆ. ಹೀಗೆ ಕೈಹಾಕಿ ಕೊಂದ ಕೋಳಿಗಳು ಸಿಕ್ಕಿಕೊಂಡ ಮೊಟ್ಟೆಯಿಂದಲೇ ಸತ್ತವೆಂದು ಲೆಕ್ಕಕ್ಕೆ ಸೇರುತ್ತವೆ. ದಿನವೊಂದು ಕಳೆದರೂ ಮೊಟ್ಟೆ ಬರಲಿಲ್ಲವೆಂದರೆ, ಅಥವಾ ಅದಕ್ಕೂ ಮೊದಲೇ ಕೋಳಿ ನಿಲ್ಲಲಾರದಷ್ಟು ಸೋತರೆ, ಪಶುವೈದ್ಯರ ಬಳಿ ಹೋಗಲೇಬೇಕು. ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುವುದು, ಮೊಟ್ಟೆಯನ್ನು ಹೊರತೆಗೆಯುವುದು ಅವರ ಕೆಲಸ. ಕೋಳಿ ತಂದಿದ್ದೀರಾ ಎಂದು ಆಸ್ಪತ್ರೆಯ ಜಗಲಿಯಲ್ಲಿ ಯಾರಾದರೂ ನಕ್ಕರೆ ನಗಲಿ. ಹಸುವಿಗೆ ತೆರೆದ ಬಾಗಿಲು ಕೋಳಿಗೂ ತೆರೆದೇ ಇದೆ. 1962ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಅಲ್ಲೇ ಕೇಳಿಕೊಳ್ಳಬೇಕು. ಇದನ್ನು ಕೇಳುವವರು ಬಹಳ ಕಡಿಮೆ.

ಮೊಟ್ಟೆ ಸಿಕ್ಕಿಕೊಳ್ಳುವುದೇಕೆ? ಎಳೆಯ ಹೇಂಟೆಗೆ ದೊಡ್ಡ ಮೊಟ್ಟೆ, ಅತಿಯಾದ ಕೊಬ್ಬು, ಒಳಗಿನ ಸೋಂಕು, ಹೀಗೆ ಕಾರಣಗಳು ಹಲವು. ಆದರೆ ನಮ್ಮ ಹಿತ್ತಿಲುಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಸುಣ್ಣದ ಅಂಶದ ಕೊರತೆಯನ್ನು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನಾವು ಹಾಕುವ ಅಕ್ಕಿ ನುಚ್ಚಿನಲ್ಲಿ, ತೌಡಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಸಿಗದಿದ್ದಾಗ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಅದೂ ಸಾಲದಾದಾಗ ಚಿಪ್ಪಿಲ್ಲದ ತೊಗಲು ಮೊಟ್ಟೆ ಬೀಳುತ್ತದೆ, ಮೊಟ್ಟೆಯನ್ನು ಹೊರತಳ್ಳುವ ಸ್ನಾಯುವಿಗೂ ಬಲ ಸಾಲದೆ ಅದು ಒಳಗೇ ಉಳಿಯುತ್ತದೆ. ನಮ್ಮ ಕಡೆಯ ಮಳೆಗಾಲ ಇದಕ್ಕೆ ಇನ್ನೊಂದು ಏಟು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದು ಕೋಳಿಗೆ ಬಿಸಿಲಿನಿಂದ ದೊರೆಯುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಬಿಸಿಲೆಂಬುದನ್ನು ನಾವೇ ಕಾಣುವುದು ಅಪರೂಪವಾಗಿರುವಾಗ ಗೂಡಿನೊಳಗಿನ ಕೋಳಿಗೆಲ್ಲಿಂದ ಬರಬೇಕು?

ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ನಮ್ಮವರು ಕೋಳಿಯ ಸುಣ್ಣವನ್ನು ಮರೆತಿರುವುದು ಸೋಜಿಗವೇ ಸರಿ. ಹಾಗೆಂದು ಬೋರ್ಡೋಗೆ ತಂದ ಸುಣ್ಣವನ್ನೋ ಎಲೆ ಅಡಿಕೆಯ ಡಬ್ಬಿಯ ಸುಣ್ಣವನ್ನೋ ಕಾಳಿಗೆ ಬೆರೆಸಲು ಹೊರಡಬೇಡಿ, ಅದು ಬಾಯಿ, ಗಂಟಲನ್ನು ಸುಡುತ್ತದೆ. ಬೇಕಾದದ್ದು ಕಡಲ ಚಿಪ್ಪಿನ ಚೂರು, ಅಂಗಡಿಯವರು ಶೆಲ್ ಗ್ರಿಟ್ ಎನ್ನುವ ಸರಕು. ಅದು ಸಿಗದಿದ್ದರೆ ಅಡುಗೆಮನೆಯ ಮೊಟ್ಟೆ ಚಿಪ್ಪನ್ನೇ ತೊಳೆದು, ಕಾವಲಿಯ ಮೇಲೆ ಚೆನ್ನಾಗಿ ಹುರಿದು, ಚಿಪ್ಪೆಂದು ಗುರುತು ಹತ್ತದಂತೆ ಪುಡಿಮಾಡಿ ಕೊಡಬಹುದು. ಗುರುತು ಹತ್ತಿದರೆ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಾಳಿ ಕಲಿಯುತ್ತದೆ. ಕಾಳಿನಲ್ಲಿ ಬೆರೆಸದೆ ಪ್ರತ್ಯೇಕ ಕರಟದಲ್ಲಿ, ಸಂಜೆಯ ಹೊತ್ತು ಇಡುವುದು ಒಳ್ಳೆಯದು, ಏಕೆಂದರೆ ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ. ಬೇಕಾದಷ್ಟನ್ನು ಕೋಳಿ ತಾನೇ ಆರಿಸಿ ತಿನ್ನುತ್ತದೆ. ಮೊಟ್ಟೆಗೆ ಬಾರದ ಮರಿಗಳಿಗೆ ಮಾತ್ರ ಇದು ಬೇಡ, ಮೂತ್ರಪಿಂಡಕ್ಕೆ ಕೆಡುಕು.

ಕೆಲವೊಮ್ಮೆ ಮುಕ್ಕಿ ಮುಕ್ಕಿ ಒಳಗಿನ ಕೆಂಪು ಮಾಂಸವೇ ಹೊರಗೆ ಬರುವುದುಂಟು. ಅಂಥದನ್ನು ತಕ್ಷಣ ಬೇರೆ ಇಡಬೇಕು, ಇಲ್ಲದಿದ್ದರೆ ಉಳಿದ ಕೋಳಿಗಳೇ ಕುಕ್ಕಿ ಕೊಲ್ಲುತ್ತವೆ. ತೊಳೆದು, ಗಟ್ಟಿ ಸಕ್ಕರೆ ನೀರು ಹಚ್ಚಿದರೆ ಬಾವು ಇಳಿಯುತ್ತದೆ, ಒಳಗೆ ಸೇರಿಸುವುದನ್ನು ವೈದ್ಯರಿಂದಲೇ ಮಾಡಿಸಿ. ಹೊಟ್ಟೆ ನೀರು ತುಂಬಿದಂತೆ ಊದಿದ, ವಯಸ್ಸಾದ ಹೇಂಟೆಯನ್ನು ಉಳಿಸುವುದು ಕಷ್ಟ. ಅದನ್ನು ನರಳಲು ಬಿಡುವುದು ಪ್ರೀತಿಯಲ್ಲ.

ಇಷ್ಟೆಲ್ಲ ಮನೆಯಲ್ಲಿ ಮಾಡಬಹುದಾದದ್ದು. ಮನೆಯಿಂದಾಗದ, ಸಂಘದಿಂದ ಮಾತ್ರ ಆಗುವ ಕೆಲಸವೊಂದಿದೆ. ಒಂದು ಕೋಳಿಯ ಬದಲು ನಾಲ್ಕಾರು ಕೋಳಿಗಳು ಒಟ್ಟಿಗೆ ಮೊಟ್ಟೆ ನಿಲ್ಲಿಸಿ, ಹಸಿರು ಹಿಕ್ಕೆ ಹಾಕಿ, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚತೊಡಗಿದರೆ ಅದು ಕೊಕ್ಕರೆ ರೋಗವಿರಬಹುದು, ಅಂದರೆ ರಾಣಿಖೇತ್. ಅದಕ್ಕೆ ಮದ್ದಿಲ್ಲ, ಮೊದಲೇ ಹಾಕಿಸುವ ಲಸಿಕೆಯೊಂದೇ ದಾರಿ. ಬದುಕಿ ಉಳಿದವು ಕೂಡ ತೆಳು ಚಿಪ್ಪಿನ, ಸೊಟ್ಟ ಮೊಟ್ಟೆ ಇಡುತ್ತವೆ. ಆಗ ನಮ್ಮಲ್ಲಿ ನಡೆಯುವುದೇನು? ಸಾಯುವ ಮೊದಲು ಮಾರಿಬಿಡೋಣವೆಂದು ಕಾಲು ಕಟ್ಟಿ ಸಂತೆಗೆ ಒಯ್ಯುತ್ತಾರೆ, ಕೊಯ್ದ ಗರಿ ಕರುಳನ್ನು ಹಳ್ಳಕ್ಕೆ ಎಸೆಯುತ್ತಾರೆ. ಮುಂದಿನ ವಾರ ಪಕ್ಕದ ಊರಿನಲ್ಲಿ ಕೋಳಿ ಕೂಗುವುದಿಲ್ಲ. ಇದು ತಪ್ಪೆಂದು ನಾವು ನೇರವಾಗಿಯೇ ಹೇಳುತ್ತೇವೆ. ಸತ್ತದ್ದನ್ನು ಆಳವಾಗಿ ಹೂಳಬೇಕು, ಪಶು ಆಸ್ಪತ್ರೆಗೆ ತಿಳಿಸಬೇಕು.

ಲಸಿಕೆ ಏಕೆ ಹಾಕಿಸುವುದಿಲ್ಲವೆಂದರೆ ಸೋಮಾರಿತನವೊಂದೇ ಕಾರಣವಲ್ಲ. ಲಸಿಕೆಯ ಸೀಸೆ ಸಾಮಾನ್ಯವಾಗಿ 100 ಕೋಳಿಗಳ ಲೆಕ್ಕದಲ್ಲಿ ಬರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಆರು ಕೋಳಿ ಇರುವವರು ಉಳಿದ 94ನ್ನು ಎಲ್ಲಿಂದ ತರಬೇಕು? ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡಲೆಂದೇ ಸಂಘವಿರುವುದು. ಮೈಲುತುತ್ತವನ್ನು ಒಟ್ಟಿಗೆ ತರಿಸಿ ಹಂಚುವ ನಮಗೆ ಇದು ಹೆಚ್ಚಿನದೇನಲ್ಲ. ಮಳೆ ಹಿಡಿಯುವ ಮೊದಲು ಊರಿಗೊಂದು ಬೆಳಿಗ್ಗೆ ಗೊತ್ತುಮಾಡಿ, ಪಶುವೈದ್ಯ ಇಲಾಖೆಯವರನ್ನು ಕರೆಸಿ, ಆ ಊರಿನ ಕೋಳಿಗಳಿಗೆಲ್ಲ ಒಂದೇ ದಿನ ಲಸಿಕೆ ಹಾಕಿಸಬೇಕು. ಸದಸ್ಯರಲ್ಲದವರ ಕೋಳಿಗಳನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ರೋಗ ಪಾಲು ಪತ್ರ ನೋಡಿ ಬರುವುದಿಲ್ಲ. ಅದರ ಜೊತೆಗೆ ಸಂಘದ ಗೊಬ್ಬರದ ಡಿಪೋದಲ್ಲಿ ನಾಲ್ಕು ಮೂಟೆ ಶೆಲ್ ಗ್ರಿಟ್ ತಂದಿಟ್ಟು, ಕಿಲೋ ಅರ್ಧ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಕೊಡಬೇಕು.

ಈ ಎರಡೂ ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿನ ಸಭೆಯ ಮುಂದಿಡಬೇಕೆಂದು ಕೋರುತ್ತೇವೆ. ಒಪ್ಪುವ ಸದಸ್ಯರು ಸಂಘದ ಕಚೇರಿಯಲ್ಲಿ ತಮ್ಮ ಹೆಸರನ್ನೂ ಮನೆಯಲ್ಲಿರುವ ಕೋಳಿಗಳ ಸಂಖ್ಯೆಯನ್ನೂ ಬರೆಸಬಹುದು. ಸಂಖ್ಯೆಯನ್ನು ಮಾತ್ರ ಮನೆಯ ಹೆಂಗಸರನ್ನು ಕೇಳಿಕೊಂಡು ಬಂದೇ ಬರೆಸಿ.