ಕೆಲಸ ಕಳೆದುಕೊಂಡವನ ಹಣಕ್ಕೂ ತೆರಿಗೆ

ಕಾರ್ಖಾನೆಯಿಂದ ಹಿಂಬಡ್ತಿಯಲ್ಲ, ಹೊರದಾರಿಯನ್ನೇ ಕಂಡ ಕಾರ್ಮಿಕನಿಗೆ ದೊರೆಯುವ ಪರಿಹಾರಧನವು ಗಳಿಕೆಯೇ ಅಥವಾ ನಷ್ಟದ ಭರ್ತಿಯೇ? ಆದಾಯ ತೆರಿಗೆ ಕಾನೂನು ಅದನ್ನು ಸಂಬಳದ ಸಾಲಿಗೇ ಸೇರಿಸುತ್ತದೆ. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಅಥವಾ 5 ಲಕ್ಷ ರೂಪಾಯಿ, ಇವುಗಳಲ್ಲಿ ಕಡಿಮೆಯಾದುದಕ್ಕೆ ಮಾತ್ರ ವಿನಾಯಿತಿ. ಈ 5 ಲಕ್ಷದ ಮಿತಿ 1997ರ ಜನವರಿಯದು. ಗ್ರಾಚ್ಯುಟಿಯ ಮಿತಿಯನ್ನು 2018ರಲ್ಲಿ 20 ಲಕ್ಷಕ್ಕೂ, ಖಾಸಗಿ ನೌಕರರ ರಜೆ ನಗದೀಕರಣದ ವಿನಾಯಿತಿಯನ್ನು 2023ರಲ್ಲಿ 3ರಿಂದ 25 ಲಕ್ಷಕ್ಕೂ ಏರಿಸಿದ ಸರಕಾರಕ್ಕೆ ಆಗ ಇದು ಕಾಣಿಸಲಿಲ್ಲ. ನಿವೃತ್ತನಿಗೆ ತೋರಿದ ಉದಾರತೆ ಸರಿಯಾದುದೇ. ಆದರೆ ಮಕ್ಕಳಿನ್ನೂ ಶಾಲೆಯಲ್ಲಿರುವಾಗ, ಮನೆಸಾಲ ತೀರದಿರುವಾಗ ಬೀದಿಗೆ ಬಿದ್ದವನಿಗೆ ಅದೇಕಿಲ್ಲ? ಕಾರ್ಮಿಕನೆಂಬ ವ್ಯಾಖ್ಯೆಗೆ ಒಳಪಡದ ವ್ಯವಸ್ಥಾಪಕ ದರ್ಜೆಯ ನೌಕರನಿಗಂತೂ ಈ ವಿನಾಯಿತಿಯೇ ಅನ್ವಯಿಸದು. ಈ ಮಿತಿಯನ್ನು ಕನಿಷ್ಠ ಗ್ರಾಚ್ಯುಟಿಯ ಮಟ್ಟಕ್ಕಾದರೂ ಏರಿಸಬೇಕೆಂದು ನಮ್ಮ ಸಂಸದರು ಬಜೆಟ್ ಚರ್ಚೆಯಲ್ಲಿ ಪಟ್ಟುಹಿಡಿಯಬೇಕು.