ಪ್ರವಾಸಿಗಳಿಗೆ ಹಿತವಚನ: ಟ್ರಿನಿಡಾಡ್ ದ್ವೀಪಕ್ಕೆ ಹೋಗುವವರಿಗೆ

ಎರೆಭೂಮಿಯಲ್ಲಿ ಜೋಳ ಕಡಲೆ ಬೆಳೆದು ಬಾಳುವ ನಮ್ಮ ಕಡೆಯ ಮನೆತನಗಳ ಮಕ್ಕಳು ಈಗ ದೇಶಾಂತರಗಳಲ್ಲಿ ಉದ್ಯೋಗದಲ್ಲಿರುವದು ಅಪೂರ್ವವಾದ ಸಂಗತಿಯಲ್ಲ. ಅವರು ತಮ್ಮ ತಂದೆತಾಯಿಗಳನ್ನು ಕೆಲವು ದಿನಗಳ ಮಟ್ಟಿಗೆ ಕರೆಯಿಸಿಕೊಳ್ಳುವದೂ ಉಂಟು. ಮುಶಿಗೇರಿಯಂಥ ಗ್ರಾಮದಿಂದ ಹೊರಟು ಭೂಗೋಲದ ಆಚೆಯ ಮಗ್ಗುಲಲ್ಲಿರುವ ಕ್ಯಾರಿಬಿಯನ್ ಸಮುದ್ರದ ದ್ವೀಪವೊಂದಕ್ಕೆ ಹೋಗಬೇಕಾದ ಗೃಹಸ್ಥನು ಏನೇನು ಸಿದ್ಧತೆ ಮಾಡಿಕೊಳ್ಳತಕ್ಕದ್ದೆಂಬುದನ್ನು ಈ ತಿಂಗಳು ಹೇಳುವೆವು. ಆ ದ್ವೀಪಗಳಲ್ಲಿ ಭಾರತೀಯರಿಗೆ ಹೆಚ್ಚು ಬಳಕೆಯಾದ ಟ್ರಿನಿಡಾಡನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇವೆ.

ಮೊದಲನೆಯ ಮಾತು ಪತ್ರಗಳದು. ಪಾಸಪೋರ್ಟಿಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ಹುಬ್ಬಳ್ಳಿಯಲ್ಲಿಯೇ ಸೇವಾಕೇಂದ್ರವಿರುತ್ತದೆ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಮೊದಲಾದ ಹಲವು ದ್ವೀಪಗಳು ಭಾರತದ ಪ್ರವಾಸಿಗಳನ್ನು ನಿಯಮಿತ ದಿನಗಳವರೆಗೆ ವೀಸಾ ಇಲ್ಲದೆ ಬರಗೊಡುತ್ತ ಬಂದಿವೆ. ಆದರೆ ಇಂಥ ನಿಯಮಗಳು ಬದಲಾಗುವವು. ಆದಕಾರಣ ಹೊರಡುವ ಮುನ್ನ ಹೊಸದಿಲ್ಲಿಯಲ್ಲಿರುವ ಟ್ರಿನಿಡಾಡ್ ಹೈಕಮಿಶನ್ ಕಚೇರಿಯನ್ನು ಕೇಳಿಕೊಳ್ಳುವದು ಒಳ್ಳೆಯದು. ಮರಳಿ ಬರುವ ಟಿಕೀಟು, ಇಳಿದುಕೊಳ್ಳುವ ಮನೆಯ ವಿಳಾಸ, ಖರ್ಚಿಗೆ ತಕ್ಕ ಹಣವಿರುವದರ ಕಾಗದ, ಈ ಮೂರನ್ನು ಅಲ್ಲಿಯ ಅಧಿಕಾರಿಗಳು ಕೇಳಬಹುದು. ಅವನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿಡಬೇಕು.

ವೀಸಾ ಬೇಡವೆಂದು ಕೇಳಿದೊಡನೆ ಟಿಕೀಟು ಕೊಳ್ಳುವವರೇ ಹೆಚ್ಚಾಗಿ ನಷ್ಟಕ್ಕೆ ಗುರಿಯಾಗುವರು. ಭಾರತದಿಂದ ಟ್ರಿನಿಡಾಡಕ್ಕೆ ನೇರವಾದ ವಿಮಾನವಿಲ್ಲ. ನಡುವೆ ಲಂಡನ್, ನ್ಯೂಯಾರ್ಕ್, ಟೊರಾಂಟೋ ಮುಂತಾದ ಕಡೆ ವಿಮಾನ ಬದಲಿಸಬೇಕು. ಅಮೇರಿಕೆಯಲ್ಲಿ ಎರಡು ತಾಸು ಕುಳಿತು ಮುಂದೆ ಹೋಗುವವನಿಗೂ ಆ ದೇಶದ ವೀಸಾ ಬೇಕು. ಕೆನಡಾ, ಇಂಗ್ಲಂಡಗಳಲ್ಲಿಯೂ ಸಾಮಾನ್ಯವಾಗಿ ದಾಟುವೀಸಾ ಪಡೆಯಬೇಕಾಗುವದು. ಅದಿಲ್ಲದವನನ್ನು ಬೆಂಗಳೂರಿನಲ್ಲಿಯೇ ವಿಮಾನ ಹತ್ತಗೊಡುವದಿಲ್ಲ. ಒಂದು ಹಂಗಾಮಿನ ಕಡಲೆಯ ದುಡ್ಡು ಹೀಗೆ ಒಂದೇ ದಿನದಲ್ಲಿ ನೀರಿಗೆ ಹೋಗಬಾರದಾದರೆ, ಮೊದಲು ದಾರಿಯನ್ನು ನಿಶ್ಚಯಿಸಿ, ಆ ದಾರಿಯ ವೀಸಾ ಕೈಗೆ ಬಂದ ತರುವಾಯವೇ ಟಿಕೀಟಿಗೆ ಹಣ ಕೊಡತಕ್ಕದ್ದು. 'ಎಲ್ಲ ನಾವು ನೋಡಿಕೊಳ್ಳುತ್ತೇವೆ' ಎನ್ನುವ ದಲಾಲರ ಮಾತಿಗಿಂತ ಕಾಗದವನ್ನು ನಂಬುವದು ಲೇಸು.

ಎರಡನೆಯದು ಆರೋಗ್ಯದ ಮಾತು. ಇದನ್ನು ಮನೆಯ ಹಿರಿಯರು ಲಕ್ಷ್ಯವಿಟ್ಟು ಓದಬೇಕು. ಟ್ರಿನಿಡಾಡ್ ದ್ವೀಪವು ಹಳದಿ ಜ್ವರದ ಪ್ರದೇಶವೆಂದು ಭಾರತ ಸರಕಾರದ ಪಟ್ಟಿಯಲ್ಲಿ ಸೇರಿದೆ. ಸೊಳ್ಳೆಯಿಂದ ಹಬ್ಬುವ ಈ ರೋಗವು ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹಬ್ಬಿಸಬಲ್ಲ ಜಾತಿಯ ಸೊಳ್ಳೆ ನಮ್ಮಲ್ಲಿ ಹೇರಳವಾಗಿದೆ. ಒಬ್ಬ ರೋಗಿಯಿಂದ ಅದು ಇಲ್ಲಿ ನೆಲೆಯೂರಬಾರದೆಂದೇ ಸರಕಾರವು ಬಿಗಿಯಾದ ನಿಯಮವನ್ನಿಟ್ಟಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗಾಗಿ ಭಾರತಕ್ಕೆ ಬಂದಿಳಿಯುವವನಲ್ಲಿ ಚುಚ್ಚುಮದ್ದಿನ ಪ್ರಮಾಣಪತ್ರವಿಲ್ಲದಿದ್ದರೆ, ಅವನನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ಪ್ರಮಾಣಪತ್ರವು ಮದ್ದು ಹಾಕಿಸಿಕೊಂಡ ಹತ್ತು ದಿನಗಳ ಮೇಲೆಯೇ ಸಿಂಧುವಾಗುವದರಿಂದ, ಹೊರಡುವ ಹಿಂದಿನ ದಿನ ಓಡಾಡಿ ಫಲವಿಲ್ಲ. ಒಂದು ತಿಂಗಳು ಮೊದಲೇ ಹಾಕಿಸಿಕೊಳ್ಳುವದು ಯುಕ್ತ. ಎಲ್ಲ ದವಾಖಾನೆಗಳಲ್ಲಿಯೂ ಇದು ಸಿಕ್ಕುವದಿಲ್ಲ. ಸರಕಾರವು ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಕ್ಕುವದು. ಒಮ್ಮೆ ಹಾಕಿಸಿಕೊಂಡರೆ ಆ ಪತ್ರವು ಜೀವಮಾನಕ್ಕೆಲ್ಲ ಸಲ್ಲುತ್ತದೆ. ೨೦೧೬ರಿಂದ ಹಾಗೆ ನಿಯಮವಾಗಿದೆ. ಅರವತ್ತು ವರ್ಷ ಮೀರಿದವರೂ, ತತ್ತಿ ಒಗ್ಗದವರೂ, ರೋಗನಿರೋಧಶಕ್ತಿ ಕುಂದಿದವರೂ ವೈದ್ಯರನ್ನು ಕೇಳದೆ ಈ ಮದ್ದನ್ನು ಹಾಕಿಸಿಕೊಳ್ಳಬಾರದು. ಮಕ್ಕಳು ಕರೆಯುವರೆಂದು ದೇಹದ ಮಾತನ್ನು ಮರೆಯುವದು ವಿವೇಕವಲ್ಲ. ವೈದ್ಯರು ಬೇಡವೆಂದರೆ, ಮಗನೇ ರಜೆಯಲ್ಲಿ ಊರಿಗೆ ಬರಲಿ.

ಸಕ್ಕರೆ ರೋಗ, ರಕ್ತದೊತ್ತಡಗಳಿಗೆ ಔಷಧ ತೆಗೆದುಕೊಳ್ಳುವವರು ಅವನ್ನು ಅಂಗಡಿಯ ಪೊಟ್ಟಣದಲ್ಲಿಯೇ ಇಟ್ಟು, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಡೆಂಗೂ ಜ್ವರವೂ ಅಲ್ಲಿ ಉಂಟಾದ್ದರಿಂದ ತುಂಬುತೋಳಿನ ಬಟ್ಟೆ ಹಿತ. ಪ್ರವಾಸದ ವಿಮೆಯನ್ನು ಮರೆಯಬಾರದು.

ಕಾಲವನ್ನು ನೋಡಿ ಹೊರಡಬೇಕು. ಆ ಸಮುದ್ರದಲ್ಲಿ ಜೂನ್ ೧ರಿಂದ ನವೆಂಬರ್ ೩೦ರವರೆಗೆ ಚಂಡಮಾರುತದ ಹಂಗಾಮು. ಟ್ರಿನಿಡಾಡವು ತೆಂಕಣ ತುದಿಯಲ್ಲಿರುವದರಿಂದ ಅಲ್ಲಿಗೆ ಬಿರುಗಾಳಿಯ ಬಾಧೆ ಕಡಿಮೆಯಾದರೂ ಮಳೆ ಬಲವಾಗಿರುತ್ತದೆ. ಜನವರಿಯಿಂದ ಮೇ ವರೆಗಿನ ಒಣಗಾಲವು ನಮ್ಮವರಿಗೆ ಅನುಕೂಲ. ಫೆಬ್ರುವರಿ ಮಾರ್ಚಗಳ ಸುಮಾರಿಗೆ ಬರುವ ಕಾರ್ನಿವಲ್ ಉತ್ಸವದಲ್ಲಿ ಮಾತ್ರ ವಸತಿಯ ದರ ಏರಿರುವದು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ತಾಸು ಹಿಂದೆ. ಮುಶಿಗೇರಿಯಲ್ಲಿ ಬೆಳಗಿನ ಆರು ಹೊಡೆದಾಗ ಅಲ್ಲಿ ಹಿಂದಿನ ರಾತ್ರಿಯ ಎಂಟೂವರೆ. ಊರಿಗೆ ಫೋನು ಮಾಡುವವರು ಇದನ್ನು ನೆನಪಿನಲ್ಲಿಡಲಿ.

ಗಂಟುಮೂಟೆಯ ಕುರಿತು ಕೆಲವು ಮಾತು. ಒಣಗಿಸಿದ ಕಡಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ದಾರಿಯ ಬುತ್ತಿಗೆ ಸಾಕು. ಹಸಿ ಕಾಯಿಪಲ್ಲೆ, ಹಣ್ಣು, ಬೀಜ, ಸಸಿ, ಹಾಲಿನ ಪದಾರ್ಥಗಳನ್ನು ಒಯ್ಯಬಾರದು. ಒಯ್ದ ತಿನಿಸನ್ನು ಸುಂಕದವರ ಮುಂದೆ ಮುಚ್ಚಿಡಲೂ ಬಾರದು. ಉಪ್ಪಿನಕಾಯಿ, ತುಪ್ಪಗಳನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಳೆದುಕೊಳ್ಳುವಿರಿ. ಸೈನಿಕರ ಉಡುಪಿನಂಥ ಚಿತ್ತಾರದ ಬಟ್ಟೆಯನ್ನು ಅಲ್ಲಿ ಸಾಮಾನ್ಯರು ತೊಡುವದು ಕಾಯಿದೆಗೆ ವಿರುದ್ಧ. ಹುಡುಗರ ಟೊಪ್ಪಿಗೆ, ಚೀಲಗಳನ್ನೂ ಒಮ್ಮೆ ನೋಡಿಕೊಳ್ಳಿರಿ. ಅಲ್ಲಿಯ ವಿದ್ಯುತ್ತು ೧೧೫ ವೋಲ್ಟಿನದಾದ್ದರಿಂದ ನಮ್ಮ ಮಿಕ್ಸರು ನಡೆಯುವದಿಲ್ಲ. ಹಣವನ್ನು ಅಮೇರಿಕದ ಡಾಲರಾಗಿ ಬ್ಯಾಂಕಿನಿಂದಲೇ ಪಡೆಯಬೇಕು. ನೋಟುಗಳ ರೂಪದಲ್ಲಿ ಒಂದು ಪ್ರವಾಸಕ್ಕೆ ೩,೦೦೦ ಡಾಲರ್ ಮಿತಿ. ನಮ್ಮ ರೂಪಾಯಿಯನ್ನು ಅಲ್ಲಿ ನೆಚ್ಚಿಕೊಳ್ಳಲಾಗದು.

ಭಯಪಡಿಸುವದು ನಮ್ಮ ಉದ್ದೇಶವಲ್ಲ. ಆದರೂ ಅಲ್ಲಿ ಕೊಲೆ ಸುಲಿಗೆಗಳು ಹೆಚ್ಚಿದ್ದರಿಂದ ೨೦೨೪ರ ಡಿಸೆಂಬರ್ ೩೦ರಂದು ಸರಕಾರವು ತುರ್ತುಪರಿಸ್ಥಿತಿಯನ್ನು ಸಾರಬೇಕಾಯಿತೆಂಬುದನ್ನು ಮುಚ್ಚಿಡಲಾಗದು. ಕತ್ತಲಾದ ಮೇಲೆ ಕಾಲ್ನಡೆ ಬೇಡ; ಬಂಗಾರದ ಸರ, ಪಾಟಲಿಗಳು ಊರಿನಲ್ಲಿಯೇ ಇರಲಿ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನಲ್ಲಿರುವ ಭಾರತದ ಹೈಕಮಿಶನ್ ಕಚೇರಿಯ ಫೋನು ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಇನ್ನು ಅಲ್ಲಿಯ ಜನ. ೧೮೪೫ರ ಮೇ ೩೦ರಂದು 'ಫತೆಲ್ ರಜಾಕ್' ಎಂಬ ಹಡಗು ಕಬ್ಬಿನ ತೋಟಗಳ ಕೆಲಸಕ್ಕಾಗಿ ಕರಾರಿನ ಕೂಲಿಗಳನ್ನು ಹೊತ್ತು ಅಲ್ಲಿಗೆ ತಲುಪಿತು. ೧೯೧೭ರವರೆಗೆ ಸುಮಾರು ೧,೪೩,೦೦೦ ಭಾರತೀಯರು ಹೀಗೆ ಹೋದರು. ಹೆಚ್ಚಿನವರು ಭೋಜಪುರಿ ನಾಡಿನವರು. ಕೆಲವರು ಮದ್ರಾಸಿನ ಕಡೆಯವರು. ಅವರ ಮೊಮ್ಮಕ್ಕಳು ಈಗ ಇಂಗ್ಲಿಷು ಮಾತನಾಡುತ್ತಿದ್ದರೂ ತಂದೆಯ ತಂದೆತಾಯಿಗಳನ್ನು 'ಆಜಾ', 'ಆಜಿ' ಎಂದೇ ಕರೆಯುವರು. ಅಜ್ಜ ಅಜ್ಜಿ ಎನ್ನುವ ನಮ್ಮ ಕಿವಿಗೆ ಆ ಮಾತು ಪರಕೀಯವಾಗಿ ಕೇಳದು. ದೀಪಾವಳಿ ಅಲ್ಲಿ ಸರಕಾರಿ ರಜೆಯ ದಿನ. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ: ಎರಡು ಮೆತ್ತಗಿನ ಬಡೆಗಳ ನಡುವೆ ಕಡಲೆಯ ಪಲ್ಯವನ್ನಿಟ್ಟು ಕೊಡುವ 'ಡಬಲ್ಸ್', ಬೇಳೆ ತುಂಬಿದ 'ದಾಲ್‌ಪುರಿ' ಬೀದಿಬೀದಿಗಳಲ್ಲಿ ಸಿಕ್ಕುವವು. ಅಂಗಡಿಗೆ ಹೋದವರು ಮೊದಲು ನಮಸ್ಕಾರದ ಮಾತನ್ನಾಡಿ ಆಮೇಲೆ ಸಾಮಾನು ಕೇಳುವದು ಅಲ್ಲಿಯ ರೀತಿ. ಇದನ್ನು ಬಿಟ್ಟವರನ್ನು ಒರಟರೆಂದು ತಿಳಿಯುವರು.

ನೋಡತಕ್ಕ ಸ್ಥಳಗಳಲ್ಲಿ ಲಾ ಬ್ರೆಯಾದ ಡಾಂಬರಿನ ಸರೋವರ, ಕೆಂಪು ಹಕ್ಕಿಗಳು ಸಂಜೆಗೆ ಗೂಡು ಸೇರುವ ಕರೋನಿ ಜೌಗುಪ್ರದೇಶ ಮುಖ್ಯವಾದವು. ಕ್ಯಾರಪಿಚೈಮಾದಲ್ಲಿ ಮೈಸೂರಿನ ಅವಧೂತ ದತ್ತಪೀಠಕ್ಕೆ ಸೇರಿದ ದತ್ತಾತ್ರೇಯ ಮಂದಿರವೂ, ೮೫ ಅಡಿ ಎತ್ತರದ ಹನುಮಂತನ ಮೂರ್ತಿಯೂ ಇವೆ. ಕ್ವೀನ್ಸ್ ಪಾರ್ಕ್ ಮೈದಾನವನ್ನು ಕ್ರಿಕೆಟ್ ಬಲ್ಲವರು ಬಿಡಬಾರದು. ೧೯೭೬ರ ಏಪ್ರಿಲಿನಲ್ಲಿ ಭಾರತವು ೪೦೩ ಓಟಗಳ ಗುರಿಯನ್ನು ಮುಟ್ಟಿ ಗೆದ್ದದ್ದು ಅಲ್ಲಿಯೇ. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥರು ಅಂದು ೧೧೨ ಓಟ ಹೊಡೆದರು.

ಇವೆಲ್ಲಕ್ಕಿಂತ ಮೊದಲು ವಾಟರ್ಲೂ ಎಂಬಲ್ಲಿಯ ಸಮುದ್ರಮಂದಿರವನ್ನು ನೋಡಿರೆಂದು ನಾವು ಹೇಳುವೆವು. ಶಿವದಾಸ ಸಾಧು ಎಂಬ ಕೂಲಿಯು ಸಕ್ಕರೆ ಕಂಪನಿಯ ನೆಲದಲ್ಲಿ ಕಟ್ಟಿದ ಗುಡಿಯನ್ನು ೧೯೫೨ರಲ್ಲಿ ಕೆಡವಿ, ಅವನನ್ನು ಸೆರೆಮನೆಗೆ ಹಾಕಿದರು. ನೆಲ ಪರರದಾದರೆ ಸಮುದ್ರವು ಯಾರದೂ ಅಲ್ಲವಷ್ಟೆ ಎಂದು ಅವನು ಸೈಕಲ್ಲಿನ ಮೇಲೆ ಕಲ್ಲುಮಣ್ಣು ಹೊತ್ತು, ನೀರಿನೊಳಗೆ ಹಾದಿ ಹಾಕಿ, ಸುಮಾರು ಇಪ್ಪತ್ತೈದು ವರ್ಷ ದುಡಿದು ಅಲ್ಲಿ ಗುಡಿ ಕಟ್ಟಿದನು. ತೊಂಬತ್ತರ ದಶಕದಲ್ಲಿ ಸರಕಾರವೇ ಮುಂದೆ ಬಂದು ಅದನ್ನು ಹೊಸದಾಗಿ ಕಟ್ಟಿಸಿತು. ನಾವು ವಿಮಾನದಲ್ಲಿ ಎರಡು ದಿನ ಕುಳಿತು ಬೇಸತ್ತೆವೆನ್ನುವಾಗ, ಮೂರು ತಿಂಗಳು ಹಡಗಿನಲ್ಲಿ ಹೋದವರನ್ನು ಒಮ್ಮೆ ನೆನೆಯುವದು ಉಚಿತ.