ತೊಗಲಿನ ಸೀಟಿಗೆ ಎಣ್ಣೆ ಎರೆಯಬೇಡಿ

ಸೈಕಲ್ಲಿನ ಹೊಸ ತೊಗಲಿನ ಸೀಟನ್ನು ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳಬೇಕೆಂದು ಬಲ್ಲವರೂ ಹೇಳುವುದುಂಟು. ಹಳೆಯದಕ್ಕೂ ಅದೇ ಮದ್ದಂತೆ. ಆ ಮಾತು ಕೇಳಿ ಒಂದು ಸೀಟನ್ನು ಕೆಡಿಸಿದವನು ನಾನು. ಅದು ನಮ್ಮ ಅಪ್ಪ ಇಪ್ಪತ್ತು ವರ್ಷ ಕೂತ ಸೀಟು. ಹಾಗಾಗಿ ನನ್ನ ಅಭಿಪ್ರಾಯ ಕೊಂಚ ಖಾರವೆನಿಸಿದರೆ ಓದುಗರು ಮನ್ನಿಸಬೇಕು.

ತೊಗಲಿನ ಸೀಟಿನೊಳಗೆ ಸ್ಪಂಜಿಲ್ಲ, ಹತ್ತಿಯಿಲ್ಲ. ಉಕ್ಕಿನ ಚೌಕಟ್ಟಿನ ಹಿಂದುಮುಂದಿನ ತುದಿಗಳಿಗೆ ರಿವೆಟ್ ಹೊಡೆದು ಬಿಗಿದ ದಪ್ಪ ತೊಗಲು, ಅಷ್ಟೇ. ಹಗ್ಗದ ಮಂಚದಂತೆ ಇಲ್ಲಿಯೂ ಭಾರ ಹೊರುವುದು ಬಿಗಿತವೇ. ತೊಗಲನ್ನು ಹದಮಾಡುವುದು ಗಿಡಮರಗಳ ತೊಗಟೆಯ ಒಗರಿನಲ್ಲಿ. ನಮ್ಮ ಬಯಲುಸೀಮೆಯ ಹಳದಿ ಹೂವಿನ ತಂಗಡಿ ಗಿಡದ ತೊಗಟೆಯೂ ಬಹುಕಾಲದಿಂದ ಇಂಥ ಕೆಲಸಕ್ಕೇ ಬಳಕೆಯಾಗಿದೆ. ಹೀಗೆ ಹದಗೊಂಡ ತೊಗಲು ಮೊದಮೊದಲು ಹಲಗೆಯಂತಿರುತ್ತದೆ. ಕೂತವನ ಭಾರ, ಬಿಸಿ, ಬೆವರುಗಳಿಂದ ಅವನ ಎರಡು ಕೂರುಮೂಳೆಗಳ ಜಾಗದಲ್ಲಿ ಮಾತ್ರ ತಗ್ಗಿ, ಉಳಿದೆಡೆ ಬಿಗಿಯಾಗಿಯೇ ಉಳಿಯುತ್ತದೆ. ಎಣ್ಣೆಗೆ ಈ ವಿವೇಚನೆ ಇಲ್ಲ. ಅದು ಎಲ್ಲವನ್ನೂ ಸಡಿಲಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ಸೈಕಲ್ಲನ್ನು ಗದಗದಿಂದ ದೆಹಲಿಗೆ ತರಿಸಿದ್ದೆ. ಸೀಟಿನ ಮೇಲೆ ಅವರದೇ ಎರಡು ಗುಳಿಗಳಿದ್ದವು. ಎಡಗಡೆಯದು ತುಸು ಆಳ. ಮೇ ತಿಂಗಳ ಬಿಸಿಗಾಳಿಗೆ ತೊಗಲು ಬಿರಿಯತೊಡಗಿದಾಗ ಗಾಬರಿಯಾಗಿ, ಈ ಊರಿನಲ್ಲಿ ಎಲ್ಲಕ್ಕೂ ಹಚ್ಚುವ ಸಾಸಿವೆ ಎಣ್ಣೆಯನ್ನೇ ಸುರಿದು ಮೂರು ದಿನ ಬಿಟ್ಟೆ. ಎರಡು ವಾರ ಕಚೇರಿಗೆ ಹೋಗಿಬರುವಷ್ಟರಲ್ಲಿ ಸೀಟು ಜೋಳಿಗೆಯಾಯಿತು. ಗುಳಿಗಳು ಹೋದವು. ಮೂತಿಯ ಕೆಳಗಿನ ನಟ್ಟನ್ನು ಪಾನಾ ಹಾಕಿ ತಿರುವಿದಷ್ಟೂ ತೊಗಲು ಹಿಗ್ಗಿತೇ ಹೊರತು ಮೇಲೇಳಲಿಲ್ಲ. ಹುಡುಗನಾಗಿದ್ದಾಗ ಎಣ್ಣೆ ಬಟ್ಟಲು ಹಿಡಿದು ಹೋಗಿದ್ದ ನನಗೆ ಅಪ್ಪ, "ತಮ್ಮಾ, ಅದಕ್ಕ ಎಣ್ಣಿ ಬ್ಯಾಡ. ಕುಂತು ಕುಂತು ಅದ ಹೊಂದಿಕೊಂತೈತಿ" ಎಂದದ್ದು ಆಮೇಲೆ ನೆನಪಾಯಿತು.

ಇಂಗ್ಲಿಷಿನಲ್ಲಿ ಇದಕ್ಕೆ 'ಬ್ರೇಕಿಂಗ್ ಇನ್' ಎನ್ನುತ್ತಾರೆ. ಕುದುರೆಯನ್ನು ಪಳಗಿಸುವುದಕ್ಕೂ ಅದೇ ಮಾತು. 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಬ್ರೂಕ್ಸ್ ಕಂಪನಿ ಮೊದಲು ಮಾಡುತ್ತಿದ್ದದ್ದು ಕುದುರೆಯ ಸಲಕರಣೆಗಳನ್ನೇ. ಸೈಕಲ್ ಸೀಟಿಗೆ ಅದು ಪೇಟೆಂಟ್ ಪಡೆದದ್ದು 1882ರಲ್ಲಿ. ಆದರೆ ಆ ಪದದಲ್ಲಿ ಮುರಿಯುವ ಸದ್ದಿದೆ. ಇಂಗ್ಲಿಷ್ ಎಂ.ಎ. ಮಾಡಿದವನಾದರೂ ನನಗೆ ಕನ್ನಡದ 'ಪಳಗು' ಹೆಚ್ಚು ಸರಿಯೆನಿಸುತ್ತದೆ. ಪಳಗಿದ ಕೈಯನ್ನು ಯಾರೂ ಮುರಿದಿರುವುದಿಲ್ಲ.

ಈಗಿನ ನನ್ನ ಸೀಟು ಹೊಸದು. ಮೊದಲ ಎರಡು ತಿಂಗಳು ನೋವಾಯಿತು, ಸುಳ್ಳೇಕೆ ಹೇಳಲಿ? ದಿನವೂ ಸ್ವಲ್ಪ ಸ್ವಲ್ಪ ದೂರವೇ ಓಡಿಸಿದೆ. ಮಾಡಿದ ಆರೈಕೆಯೆಂದರೆ, ತೊಗಲಿಗೆಂದೇ ಸಿಗುವ ಮೇಣವನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಉಜ್ಜಿ ತೆಗೆದದ್ದು. ನಟ್ಟಿನ ತಂಟೆಗೆ ಹೋಗಿಲ್ಲ. ತೊಗಲು ನಿಜಕ್ಕೂ ಜೋತಾಗ ಕಾಲು ಸುತ್ತು ತಿರುವಿದರೆ ಸಾಕು. ಮಳೆಯಲ್ಲಿ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರಲಿ, ಮನೆಗೆ ಬಂದೊಡನೆ ಅದನ್ನು ತೆಗೆಯಿರಿ. ಮುಂಬಯಿ, ಚೆನ್ನೈಗಳ ತೇವದಲ್ಲಿ ಹೊದಿಸಿಯೇ ಇಟ್ಟರೆ ಬೂಷ್ಟು ಹಿಡಿಯುತ್ತದೆ. ನೆಂದ ಸೀಟಿನ ಮೇಲೆ ಕೂರಬೇಡಿ, ಆಗ ತೊಗಲು ಬೇಗ ಹಿಗ್ಗುತ್ತದೆ. ಬಿಸಿಲಿಗೂ ಒಡ್ಡದೆ ನೆರಳಿನಲ್ಲಿ ಆರಲು ಬಿಡಿ.

ಅಪ್ಪನ ಸೀಟು ಬಾಲ್ಕನಿಯ ಮೊಳೆಗೆ ತೂಗುಬಿದ್ದಿದೆ. ಅಂಚುಗಳಿಗೆ ತೂತು ಹಾಕಿ ಕೆಳಗಿನಿಂದ ದಾರ ಬಿಗಿದರೆ ಇನ್ನಷ್ಟು ಕಾಲ ಬಂದೀತೆಂದು ಕ್ವಾರ್ಟರ್ಸಿನ ಗೇಟಿನ ಬಳಿಯ ಮೋಚಿ ಹೇಳುತ್ತಾರೆ. ಹಾಗೆ ಬಿಗಿದರೂ ಆ ಎಡಗಡೆಯ ಗುಳಿ ಮರಳದು ಎಂದೂ ಅವರೇ ಹೇಳಿದರು. ಮಳೆಗಾಲ ಮುಗಿದ ಮೇಲೆ ಕೊಡೋಣವೆಂದಿದ್ದೇನೆ.